ಹದಿನಾಲ್ಕನೆಯ ನಂಬರಿನ ಕುರ್ಚಿಯನ್ನು ಮಾಡಿದ ಬಡಗಿ

ಹೋಟೆಲಿನ ಬಾಗಿಲು ದಾಟಿ ಒಳಗೆ ಬಂದ ಗಿರಾಕಿಯು ಚಹದ ಬಶಿಯನ್ನು ಮುಟ್ಟುವುದಕ್ಕೆ ಮೊದಲು ಮುಟ್ಟುವ ವಸ್ತುವೆಂದರೆ ಕುರ್ಚಿ. ಅದನ್ನು ಹಿಂದಕ್ಕೆಳೆದು ಕುಳಿತು, ತಿಂದು, ಎದ್ದು ಹೋದ ಮೇಲೆ ಅವನಿಗೆ ಅದರ ನೆನಪೂ ಉಳಿಯುವುದಿಲ್ಲ. ಹೋಟೆಲಿನಲ್ಲಿ ದುಡಿಯುವವರ ಸಂಗತಿ ಹಾಗಲ್ಲ. ರಾತ್ರಿ ಬಾಗಿಲು ಹಾಕಿದ ಬಳಿಕ ನೆಲ ಗುಡಿಸುವುದಕ್ಕಾಗಿ ಕುರ್ಚಿಗಳನ್ನು ಒಂದೊಂದಾಗಿ ಎತ್ತಿ ಮೇಜಿನ ಮೇಲೆ ಬೋರಲು ಹಾಕುವ ಹುಡುಗನಿಗೆ ಅವುಗಳ ತೂಕ ಗೊತ್ತು. ಯಾವುದರ ಕಾಲು ಅಲ್ಲಾಡುತ್ತದೆ, ಯಾವುದರ ಬೆನ್ನು ಸಡಿಲವಾಗಿದೆ ಎಂಬುದು ಮಾಣಿಗೆ ಗೊತ್ತು. ಗಲ್ಲೆಯ ಮೇಲೆ ಕುಳಿತವನಿಗೆ ವರ್ಷದಲ್ಲಿ ಎಷ್ಟು ಕುರ್ಚಿಗಳು ಮುರಿದುವೆಂಬ ಲೆಕ್ಕ ಗೊತ್ತು. ಈ ಲೇಖಕನೂ ಆ ಲೆಕ್ಕವನ್ನು ಕೆಲವು ವರ್ಷ ಬರೆದವನೇ.

ಮುಂಬಯಿಯ ಹಳೆಯ ಇರಾನಿ ಹೋಟೆಲುಗಳಲ್ಲಿ ಚಹ ಕುಡಿದವರು ಒಂದು ಬಗೆಯ ಕುರ್ಚಿಯನ್ನು ಕಂಡೇ ಇರುತ್ತಾರೆ. ಅದಕ್ಕೆ ಮೂಲೆಗಳಿಲ್ಲ, ಕೆತ್ತನೆಯಿಲ್ಲ. ಹಿಂದಿನ ಎರಡು ಕಾಲುಗಳೂ ಬೆನ್ನೂ ಒಂದೇ ಕೋಲಿನವು. ಕೋಲು ನೆಲದಿಂದೆದ್ದು ಕಮಾನಿನಂತೆ ಬಾಗಿ ಮತ್ತೆ ನೆಲಕ್ಕಿಳಿಯುತ್ತದೆ. ಕುಳಿತುಕೊಳ್ಳುವ ಭಾಗ ಒಂದು ಮರದ ಬಳೆ. ಅಂತಹ ಹೋಟೆಲುಗಳಲ್ಲಿ ಬಹಳಷ್ಟು ಮುಚ್ಚಿಹೋಗಿವೆ. ಉಳಿದಿರುವ ಕೆಲವದರಲ್ಲಿ ಆ ಕುರ್ಚಿ ಇನ್ನೂ ಇದೆ. ಅದರ ವಂಶದ ಮೂಲಪುರುಷನನ್ನು ಹುಡುಕುತ್ತ ಹೋದರೆ ನಾವು ಜರ್ಮನಿಯ ಒಂದು ಚಿಕ್ಕ ಊರಿನ ಬಡಗಿಯ ಅಂಗಡಿಗೆ ಹೋಗಿ ಮುಟ್ಟುತ್ತೇವೆ. ಅವನ ಹೆಸರು ಮಿಖಾಯೆಲ್ ಥೋನೆಟ್.

ನಮ್ಮ ವಾಡಿಕೆಯ ಮಾತಿನಲ್ಲಿ ಡಿಸೈನು ಎಂದರೆ ಸೀರೆಯ ಅಂಚಿನ ಬಳ್ಳಿ, ಬಳೆಯ ಮೇಲಿನ ಹೂವು, ಕಿಟಕಿಯ ಸರಳಿನ ಸುರುಳಿ. ಅಂದರೆ ವಸ್ತು ಸಿದ್ಧವಾದ ಮೇಲೆ ಅದರ ಮೈಮೇಲೆ ಇಡುವ ಅಲಂಕಾರ. ಯಂತ್ರಯುಗದಲ್ಲಿ ಈ ಶಬ್ದಕ್ಕೆ ಬೇರೊಂದು ಅರ್ಥ ಬಂದಿತು. ವಸ್ತುವನ್ನು ಯಾವ ಪದಾರ್ಥದಿಂದ ಮಾಡಬೇಕು, ಎಷ್ಟು ಭಾಗಗಳಾಗಿ ಮಾಡಬೇಕು, ಯಾವ ಯಂತ್ರ ಅದನ್ನು ಮಾಡಬಲ್ಲದು, ಅದನ್ನು ಹೇಗೆ ಕಟ್ಟಿ ಹೇಗೆ ಸಾಗಿಸಬೇಕು, ಯಾರು ಅದನ್ನು ಕೊಳ್ಳಬಲ್ಲರು, ಮುರಿದರೆ ಹೇಗೆ ಸರಿಪಡಿಸಬೇಕು ಎಂಬುದನ್ನೆಲ್ಲ ಮೊದಲೇ ಯೋಚಿಸಿ ಗೊತ್ತುಮಾಡುವುದೇ ಆಧುನಿಕ ವಿನ್ಯಾಸ. ಇದನ್ನು ಪುಸ್ತಕದಿಂದ ಕಲಿಯದೆ, ಸಾಲದಿಂದಲೂ ಸೋಲಿನಿಂದಲೂ ಕಲಿತವನು ಥೋನೆಟ್. ಆದುದರಿಂದಲೇ ಅವನ ಬಾಳು ನಮ್ಮಂಥವರು ತಿಳಿಯತಕ್ಕದ್ದಾಗಿದೆ.

ರೈನ್ ನದಿಯ ದಡದಲ್ಲಿ

ಥೋನೆಟನು 1796ನೆಯ ಇಸವಿ ಜುಲೈ 2ರಂದು ರೈನ್ ನದಿಯ ದಡದ ಬೊಪ್ಪಾರ್ಡ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ತೊಗಲು ಹದಮಾಡುವ ಕಸುಬಿನವನು. ಆಗ ಆ ಸೀಮೆ ಫ್ರೆಂಚರ ಕೈಯಲ್ಲಿತ್ತು. ನೆಪೋಲಿಯನ್ನನು ಬಿದ್ದ ಮೇಲೆ 1815ರಲ್ಲಿ ಪ್ರಷ್ಯಾ ರಾಜ್ಯಕ್ಕೆ ಸೇರಿತು. ದೊರೆಗಳು ಬದಲಾದರೂ ಕಸುಬುದಾರರ ಬಾಳು ಹಳೆಯ ದಾರಿಯಲ್ಲೇ ಸಾಗಿತ್ತು. ಹುಡುಗನು ತಂದೆಯ ಕಸುಬನ್ನು ಹಿಡಿಯದೆ ಬಡಗಿಯ ಕೆಲಸ ಕಲಿತು, 1819ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ, ಸ್ವಂತ ಅಂಗಡಿಯನ್ನು ತೆರೆದನು. ಮರುವರ್ಷ ಮದುವೆಯಾದನು. ಹುಟ್ಟಿದ ಮಕ್ಕಳಲ್ಲಿ ಹಲವರು ಎಳವೆಯಲ್ಲಿಯೇ ತೀರಿಕೊಂಡರು. ಉಳಿದ ಐವರು ಗಂಡುಮಕ್ಕಳು ಮುಂದೆ ತಂದೆಯ ಬಲಗೈಯಾದರು.

ಆ ಕಾಲದಲ್ಲಿ ಬಾಗಿದ ರೂಪದ ಕುರ್ಚಿಗೆ ಶ್ರೀಮಂತರಲ್ಲಿ ಬಹಳ ಬೇಡಿಕೆಯಿತ್ತು. ಆದರೆ ಬಾಗಿದ ಕಾಲನ್ನು ಮಾಡುವ ರೀತಿ ಬಹು ದುಬಾರಿಯದು. ದಪ್ಪ ಹಲಗೆಯಿಂದ ಆ ಆಕಾರವನ್ನು ಕೊಯ್ದು ತೆಗೆಯಬೇಕು. ಉಳಿದ ಮರವೆಲ್ಲ ಚೂರಾಗಿ ವ್ಯರ್ಥವಾಗುವುದು. ಅಷ್ಟೇ ಅಲ್ಲದೆ ಮರದ ನೂಲು ನೇರವಾಗಿದ್ದು ಕೊಯ್ತ ಸೊಟ್ಟಾದರೆ ನೂಲು ಅಲ್ಲಲ್ಲಿ ತುಂಡಾಗುತ್ತದೆ. ಭಾರ ಬಿದ್ದರೆ ಆ ಸ್ಥಳದಲ್ಲಿಯೇ ಮುರಿಯುತ್ತದೆ. ಮುರಿಯದಂತಿರಬೇಕಾದರೆ ಕಾಲು ದಪ್ಪವಾಗಿರಬೇಕು. ದಪ್ಪವಾದರೆ ಭಾರ, ಭಾರವಾದರೆ ಬೆಲೆಯೂ ಹೆಚ್ಚು. ಮರವನ್ನು ಕೊಯ್ಯದೆ ಬಾಗಿಸುವುದಾದರೆ ನೂಲು ಆ ಬಾಗನ್ನೇ ಅನುಸರಿಸಿ ತುದಿಯಿಂದ ತುದಿಗೆ ಅಖಂಡವಾಗಿ ಉಳಿಯುವುದಲ್ಲವೇ ಎಂದು ಥೋನೆಟನು ಯೋಚಿಸಿದನು. ದೋಣಿಯವರೂ ಪೀಪಾಯಿ ಮಾಡುವವರೂ ಬಂಡಿಯ ಗಾಲಿ ಕಟ್ಟುವವರೂ ಹಿಂದಿನಿಂದ ಮರವನ್ನು ಬಿಸಿಮಾಡಿ ಬಾಗಿಸುತ್ತಲೇ ಬಂದಿದ್ದರು. ಆದರೆ ಕುರ್ಚಿಗೆ ಬೇಕಾದ ಬಿಗಿಯಾದ ಬಾಗು ಅವರ ಉಪಾಯಕ್ಕೆ ಎಟಕುತ್ತಿರಲಿಲ್ಲ.

1830ರ ಸುಮಾರಿನಲ್ಲಿ ಅವನ ಪ್ರಯೋಗಗಳು ಪ್ರಾರಂಭವಾದುವು. ಮರವನ್ನು ತೆಳುವಾದ ಪಟ್ಟಿಗಳಾಗಿ ಸೀಳಿ, ಹಲವು ಪಟ್ಟಿಗಳನ್ನು ಒಂದು ಕಟ್ಟಾಗಿ ಕಟ್ಟಿ, ಅಂಟಿನಲ್ಲಿ ಕುದಿಸಿ, ಮೆತ್ತಗಾದೊಡನೆ ಮರದ ಅಚ್ಚಿನಲ್ಲಿ ಬಾಗಿಸಿ ಬಿಗಿಯುತ್ತಿದ್ದನು. ಅಂಟು ಒಣಗಿದ ಮೇಲೆ ಅಚ್ಚನ್ನು ತೆಗೆದರೆ ಪಟ್ಟಿಗಳೆಲ್ಲ ಒಂದೇ ಕೋಲಾಗಿ ಆ ಬಾಗಿನಲ್ಲಿಯೇ ನಿಲ್ಲುತ್ತಿದ್ದುವು. 1836ರ ಹೊತ್ತಿಗೆ ಈ ಕ್ರಮದಲ್ಲಿ ಅಂದವೂ ಹಗುರವೂ ಆದ ಕುರ್ಚಿಗಳು ಸಿದ್ಧವಾದುವು. ಅಂಟು ಬೇಕಾದಷ್ಟು ಸಿಗಲೆಂದು 1837ರಲ್ಲಿ ಒಂದು ಅಂಟಿನ ಕಾರಖಾನೆಯನ್ನೇ ಕೊಂಡುಕೊಂಡನು. ತನ್ನ ಉಪಾಯವನ್ನು ಇತರರು ನಕಲು ಮಾಡದಂತೆ ಸರಕಾರದ ಸನ್ನದನ್ನು ಪಡೆಯಲು ಪ್ರಯತ್ನಿಸಿದನು. 1840ರಲ್ಲಿ ಪ್ರಷ್ಯಾ ಸರಕಾರವು ಅವನ ಬೇಡಿಕೆಯನ್ನು ತಳ್ಳಿಹಾಕಿತು. ಹೊರದೇಶಗಳಲ್ಲಿ ಮಾಡಿದ ಯತ್ನಗಳಿಂದ ಹಣ ಹೋಯಿತೇ ಹೊರತು ಫಲ ಬರಲಿಲ್ಲ. ಸಾಲ ಬೆಳೆಯಿತು.

ಅರಮನೆಯ ದಾರಿ

1841ರಲ್ಲಿ ಹತ್ತಿರದ ಕೊಬ್ಲೆನ್ಸ್ ನಗರದ ಪ್ರದರ್ಶನಕ್ಕೆ ಥೋನೆಟನು ತನ್ನ ಕುರ್ಚಿಗಳನ್ನು ಒಯ್ದನು. ಆಸ್ಟ್ರಿಯಾ ಸಾಮ್ರಾಜ್ಯದ ಪ್ರಧಾನ ಮಂತ್ರಿಯಾಗಿ ಇಡೀ ಯೂರೋಪಿನ ರಾಜಕಾರಣವನ್ನು ಕೈಯಲ್ಲಿ ಹಿಡಿದಿದ್ದ ಮೆಟ್ಟರ್ನಿಖ್ ಮಹಾಶಯನು ಅವನ್ನು ಕಂಡು ಮೆಚ್ಚಿದನು. ಮೆಟ್ಟರ್ನಿಖ್ಖನೂ ಅದೇ ಕೊಬ್ಲೆನ್ಸಿನಲ್ಲಿ ಹುಟ್ಟಿದವನು. ತನ್ನ ಸೀಮೆಯ ಬಡಗಿಯನ್ನು ಅವನು ವಿಯೆನ್ನಾಕ್ಕೆ ಆಹ್ವಾನಿಸಿದನು. ಮರುವರ್ಷ ಥೋನೆಟನ ಕುರ್ಚಿಗಳು ಚಕ್ರವರ್ತಿಯ ಅರಮನೆಯಲ್ಲಿ ಪ್ರದರ್ಶಿತವಾದುವು. 1842ರ ಜುಲೈ 16ರಂದು, ಯಾವ ಜಾತಿಯ ಮರವನ್ನಾದರೂ ಬೇಕಾದ ಆಕಾರಕ್ಕೆ ಬಾಗಿಸುವ ವಿಶೇಷ ಹಕ್ಕನ್ನು ಆಸ್ಟ್ರಿಯಾ ಸರಕಾರವು ಅವನಿಗೆ ದಯಪಾಲಿಸಿತು.

ಕೈಗೆ ಸನ್ನದು ಬಂದಿತು. ಆದರೆ ಬೊಪ್ಪಾರ್ಡಿನ ಉದ್ಯಮ ಸಾಲದ ಹೊರೆಯಲ್ಲಿ ಕೈತಪ್ಪಿತು. ಆಗ ಅವನ ವಯಸ್ಸು 46. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸ್ವಂತ ಅಂಗಡಿಯ ಒಡೆಯನಾಗಿದ್ದವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಪರಸ್ಥಳಕ್ಕೆ ಬಂದು, ಮೊದಲಿನಿಂದ ಪ್ರಾರಂಭಿಸಬೇಕಾಯಿತು. ಊರು ಬಿಟ್ಟು ಬಂದು ಇನ್ನೊಬ್ಬರ ಕೈಕೆಳಗೆ ದುಡಿದ ನಮ್ಮ ವಾಚಕರಿಗೆ ಅದರ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಅವನೂ ಮಕ್ಕಳೂ ಲೈಸ್ಟ್ಲರ್ ಎಂಬ ಪೀಠೋಪಕರಣದ ದೊಡ್ಡ ವರ್ತಕನಲ್ಲಿ ಕೆಲಸಕ್ಕೆ ನಿಂತರು. ಲೀಖ್ಟೆನ್‌ಸ್ಟೈನ್ ರಾಜಮನೆತನದ ವಿಯೆನ್ನಾದ ಅರಮನೆಯನ್ನು ಆಗ ಹೊಸದಾಗಿ ಸಿಂಗರಿಸಲಾಗುತ್ತಿತ್ತು. ಅಲ್ಲಿಯ ಮರದ ಚಿತ್ತಾರದ ನೆಲಗಟ್ಟು, ಬೆಳ್ಳಗಿನ ಹಗುರ ಕುರ್ಚಿಗಳು ಥೋನೆಟ್ ಕುಟುಂಬದ ಕೈಕೆಲಸವಾಗಿದ್ದುವು. ಹೀಗೆ 1849ರವರೆಗೆ ಸುಮಾರು ಆರು ವರ್ಷ ಕಳೆಯಿತು.

ಅಷ್ಟರಲ್ಲಿ 1848ರ ಮಾರ್ಚಿನಲ್ಲಿ ವಿಯೆನ್ನಾದಲ್ಲಿ ಕ್ರಾಂತಿಯೆದ್ದಿತು. ಮೆಟ್ಟರ್ನಿಖ್ಖನು ಅಧಿಕಾರವನ್ನು ಬಿಟ್ಟುಕೊಟ್ಟು ಇಂಗ್ಲೆಂಡಿಗೆ ಓಡಿಹೋದನು. ಥೋನೆಟನನ್ನು ವಿಯೆನ್ನಾಕ್ಕೆ ಕರೆಸಿದ ದೊರೆಯೇ ಇಲ್ಲವಾದನು. ಮರುವರ್ಷ ಅವನು ಮಕ್ಕಳೊಡನೆ ನಗರದ ಹೊರವಲಯದ ಗುಂಪೆನ್‌ಡಾರ್ಫಿನಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದನು. ಈ ಸಲ ಅವನಿಗೆ ಆಶ್ರಯ ಕೊಟ್ಟದ್ದು ಅರಮನೆಯಲ್ಲ. ಒಂದು ಕಾಫಿ ಹೋಟೆಲು.

ಕಾಫಿ ಹೋಟೆಲಿನ ಪಾಠ

ವಿಯೆನ್ನಾದ ಕಾಫಿಮನೆಗಳು ಅಂದೇ ಹೆಸರಾಂತವಾಗಿದ್ದುವು. ಒಂದು ಲೋಟ ಕಾಫಿಯನ್ನಿಟ್ಟುಕೊಂಡು ಗಂಟೆಗಟ್ಟಲೆ ಪತ್ರಿಕೆಯೋದುತ್ತ, ಚದುರಂಗವಾಡುತ್ತ ಕೂಡುವುದು ಅಲ್ಲಿಯವರ ರೂಢಿ. ನಗರದ ನಡುವೆ ಕೋಲ್‌ಮಾರ್ಕ್ಟ್ ಬೀದಿಯಲ್ಲಿದ್ದ ಡೌಮ್ ಕಾಫಿಮನೆಯು ಥೋನೆಟನಿಂದ ತನ್ನ ಕುರ್ಚಿಗಳನ್ನು ಮಾಡಿಸಿತು. ಅದು ಮುಂದೆ ಅವನ ಪಟ್ಟಿಯಲ್ಲಿ 4ನೆಯ ನಂಬರಿನ ಕುರ್ಚಿಯಾಯಿತು. ಇದಾದ ಬಳಿಕ ಪೆಸ್ಟ್ ನಗರದಲ್ಲಿ, ಅಂದರೆ ಇಂದಿನ ಬುಡಾಪೆಸ್ಟಿನಲ್ಲಿ, ಇಂಗ್ಲೆಂಡಿನ ರಾಣಿಯ ಹೆಸರನ್ನಿಟ್ಟುಕೊಂಡಿದ್ದ ಒಂದು ಹೋಟೆಲಿನಿಂದ 400 ಕುರ್ಚಿಗಳಿಗೆ ಬೇಡಿಕೆ ಬಂದಿತು.

ಅರಮನೆಗೆ ಕುರ್ಚಿ ಮಾಡುವುದಕ್ಕೂ ಹೋಟೆಲಿಗೆ ಮಾಡುವುದಕ್ಕೂ ಬಹಳ ಅಂತರವಿದೆ. ಅರಮನೆಯ ಕುರ್ಚಿಯನ್ನು ಹೆಚ್ಚಾಗಿ ಕಣ್ಣಿನಿಂದ ನೋಡುತ್ತಾರೆ. ಹೋಟೆಲಿನ ಕುರ್ಚಿಯ ಮೇಲೆ ದಿನಕ್ಕೆ ಎಷ್ಟೋ ಜನ ಕೂಡುತ್ತಾರೆ, ಹಿಂದಕ್ಕೆ ವಾಲುತ್ತಾರೆ, ಕಾಫಿ ಚೆಲ್ಲುತ್ತಾರೆ. ಮಾಣಿಯು ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಅದನ್ನು ಸರಿಸಬೇಕು. ನೂರಾರು ಕುರ್ಚಿಗಳು ಒಂದೇ ಅಳತೆಯವಾಗಿರಬೇಕು. ಬೆಲೆ ಯಜಮಾನನಿಗೆ ಎಟಕುವಂತಿರಬೇಕು. ಈ ಷರತ್ತುಗಳು ಮೇಲೆ ಬಿದ್ದಂತೆಲ್ಲ ಥೋನೆಟನ ಕುರ್ಚಿಯ ಮೈ ಸರಳವಾಗುತ್ತ ಬಂದಿತು.

1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಅವನಿಗೆ ಕಂಚಿನ ಪದಕ ದೊರೆಯಿತು. 1855ರಲ್ಲಿ ಪ್ಯಾರಿಸ್ಸಿನಲ್ಲಿ ಬೆಳ್ಳಿಯ ಪದಕ. ಲಂಡನ್ನಿನ ಆ ಪ್ರದರ್ಶನವೇ ಯಂತ್ರಯುಗದ ಗೊಂದಲಕ್ಕೆ ಕನ್ನಡಿಯಾಗಿತ್ತು. ಉಗಿಯಂತ್ರವು ಎಲ್ಲವನ್ನೂ ಅಗ್ಗವಾಗಿ ಮಾಡಬಲ್ಲುದಾಗಿತ್ತು. ಆದರೆ ಏನು ಮಾಡಬೇಕೆಂಬುದು ಯಾರಿಗೂ ಸ್ಪಷ್ಟವಿರಲಿಲ್ಲ. ಹಳೆಯ ಕುಶಲಿಗಳು ಕೈಯಿಂದ ಕೆತ್ತುತ್ತಿದ್ದ ಹೂವು, ಎಲೆ, ಸಿಂಹದ ಮುಖಗಳನ್ನೇ ಯಂತ್ರದಿಂದ ಒತ್ತಿ, ಎರಕ ಹೊಯ್ದು, ಎಲ್ಲ ಸಾಮಾನುಗಳಿಗೂ ಮೆತ್ತಲಾಗಿತ್ತು. ಆ ಸರಕುಗಳಿಗಿಂತ ಹೊಸದಾಗಿದ್ದುದು ಅವನ್ನು ಇರಿಸಿದ್ದ ಗಾಜಿನ ಭವನ. ಪ್ಯಾಕ್ಸ್‌ಟನ್ನನು ರಚಿಸಿದ ಆ ಭವನದ ಕಬ್ಬಿಣದ ಕಂಬಗಳೂ ಗಾಜಿನ ಹಲಗೆಗಳೂ ಕಾರಖಾನೆಗಳಲ್ಲಿ ಒಂದೇ ಅಳತೆಗೆ ತಯಾರಾಗಿ, ಸ್ಥಳಕ್ಕೆ ಬಂದು ಜೋಡಣೆಗೊಂಡಿದ್ದುವು. ಥೋನೆಟನು ಅಲ್ಲಿಟ್ಟಿದ್ದುದು ಬೆಲೆಬಾಳುವ ಮರದ ಸಿರಿವಂತ ಸಾಮಾನುಗಳನ್ನೇ. ಆದರೆ ಮುಂದಿನ ಎಂಟು ವರ್ಷಗಳಲ್ಲಿ ಆ ಭವನದ ನ್ಯಾಯವು ಅವನ ಕುರ್ಚಿಗೂ ಇಳಿಯಿತು.

ಉಗಿಯೂ ಕಬ್ಬಿಣದ ಪಟ್ಟಿಯೂ

1853ರಲ್ಲಿ ಥೋನೆಟನು ಸಂಸ್ಥೆಯನ್ನು ತನ್ನ ಐವರು ಮಕ್ಕಳ ಹೆಸರಿಗೆ ಬರೆದುಕೊಟ್ಟನು. ಥೋನೆಟ್ ಸಹೋದರರು ಎಂಬ ಹೆಸರು ಅಂದಿನಿಂದ ಬಂದಿತು. ಮೇಲ್ವಿಚಾರಣೆ ಮಾತ್ರ ತಂದೆಯದೇ. ಆಗ ಎದುರಾದ ದೊಡ್ಡ ತೊಡಕೆಂದರೆ ಅಂಟಿನದು. ಸಮುದ್ರ ದಾಟಿ ತೇವದ ಹವೆಯ ನಾಡುಗಳಿಗೆ ಹೋದ ಕುರ್ಚಿಗಳಲ್ಲಿ ಅಂಟು ನೀರೊಡೆದು ಪಟ್ಟಿಗಳು ಬಿಟ್ಟುಕೊಳ್ಳುತ್ತಿದ್ದುವು. ಮುಂಬಯಿಯ ಮಳೆಗಾಲದಲ್ಲಿ ಮರದ ಸಾಮಾನು ಪಡುವ ಪಾಡನ್ನು ಕಂಡವರಿಗೆ ಇದು ಆಶ್ಚರ್ಯವೆನಿಸದು. ಅಂಟನ್ನೇ ಬಿಡಬೇಕು, ಪಟ್ಟಿಗಳಿಲ್ಲದೆ ಅಖಂಡವಾದ ಕೋಲನ್ನೇ ಬಾಗಿಸಬೇಕು. ಇದು ಅವನ ಮುಂದಿನ ಗುರಿಯಾಯಿತು.

ಅಖಂಡ ಕೋಲನ್ನು ಬಾಗಿಸಿದರೆ ಏನಾಗುತ್ತದೆ? ಹೊರಬದಿಯ ನೂಲು ಹಿಗ್ಗಬೇಕು, ಒಳಬದಿಯದು ಕುಗ್ಗಬೇಕು. ಉಗಿಯಲ್ಲಿ ಬೆಂದ ಮರವು ಚೆನ್ನಾಗಿ ಕುಗ್ಗಬಲ್ಲುದು. ಹಿಗ್ಗುವ ಶಕ್ತಿ ಮಾತ್ರ ಅದಕ್ಕೆ ಬಹಳ ಕಡಮೆ. ಆದುದರಿಂದ ಬಿಗಿಯಾಗಿ ಬಾಗಿಸಿದೊಡನೆ ಹೊರಬದಿಯಲ್ಲಿ ಸೀಳುಬಿಡುತ್ತದೆ. ಥೋನೆಟನ ಉಪಾಯ ಬಹು ಸರಳ. ಕೋಲಿನ ಹೊರಬದಿಗೆ ಲೋಹದ ಒಂದು ಪಟ್ಟಿಯನ್ನಿಟ್ಟು ಎರಡು ತುದಿಗಳಲ್ಲಿಯೂ ಬಿಗಿಯುವುದು. ಲೋಹ ಹಿಗ್ಗುವುದಿಲ್ಲ, ಅದಕ್ಕೆ ಬಿಗಿದ ಮರದ ಹೊರಮೈಯೂ ಹಿಗ್ಗಲಾರದು. ಬಾಗಿಸಿದಾಗ ಒಳಮೈಯೇ ಕುಗ್ಗಿ ಜಾಗ ಕೊಡಬೇಕಾಗುತ್ತದೆ. ಹೀಗೆ ಮರವನ್ನು ಅದರ ಬಲಹೀನತೆಯಿಂದ ಕಾಪಾಡಿ, ಅದರ ಬಲವನ್ನು ಮಾತ್ರ ಬಳಸಿಕೊಂಡಂತಾಯಿತು. 1856ರ ಜುಲೈ 10ರಂದು ಈ ಕ್ರಮಕ್ಕೆ 13 ವರ್ಷಗಳ ಸನ್ನದು ದೊರೆಯಿತು. ಆಗ ಅವನಿಗೆ ಅರುವತ್ತು ತುಂಬಿ ಎಂಟು ದಿನಗಳಾಗಿದ್ದುವು.

ಈ ಕೆಲಸಕ್ಕೆ ಒದಗಿದ ಮರ ಬೀಚ್. ಯೂರೋಪಿನ ಕಾಡುಗಳಲ್ಲಿ ಹೇರಳವಾಗಿ ಬೆಳೆಯುವ, ನೇರ ನೂಲಿನ ಗಟ್ಟಿ ಮರವದು. ಆ ಮರ ಎಲ್ಲಿದೆಯೋ ಅಲ್ಲಿಗೇ ಕಾರಖಾನೆ ಹೋಗಬೇಕೆಂದು ಥೋನೆಟನು ನಿಶ್ಚಯಿಸಿದನು. ಇಂದಿನ ಝೆಕ್ ದೇಶಕ್ಕೆ ಸೇರಿದ ಮೊರಾವಿಯಾ ಸೀಮೆಯಲ್ಲಿ, ಬೀಚ್ ಕಾಡುಗಳ ನಡುವಿನ ಕೊರಿಚಾನಿ ಎಂಬ ಹಳ್ಳಿಯಲ್ಲಿ ಮೊದಲನೆಯ ಕಾರಖಾನೆಯನ್ನು ಕಟ್ಟಿದನು. ಕಟ್ಟಡದ ನಕ್ಷೆ ಅವನದೇ. ಯಂತ್ರಗಳ ಕಲ್ಪನೆಯೂ ಅವನದೇ. ಕೆಲಸಕ್ಕೆ ಬಂದವರು ಬಡಗಿಗಳಲ್ಲ, ಸುತ್ತಮುತ್ತಲಿನ ಹೊಲಗೆಲಸದ ಜನ. ಅವರಿಗೆ ಬಡಗಿಯ ಇಡೀ ವಿದ್ಯೆಯನ್ನು ಕಲಿಸುವ ಅವಶ್ಯಕತೆ ಇರಲಿಲ್ಲ. ಒಬ್ಬನು ಮರವನ್ನು ಚೌಕ ಕೋಲುಗಳಾಗಿ ಕೊಯ್ಯುವನು. ಇನ್ನೊಬ್ಬನು ಯಂತ್ರಕ್ಕೆ ಕೊಟ್ಟು ದುಂಡಾಗಿ ಕಡೆಯುವನು. ಮತ್ತೊಬ್ಬನು ಉಗಿಯ ಪೆಟ್ಟಿಗೆಯಲ್ಲಿಡುವನು. ಬೆಂದ ಕೋಲನ್ನು ಹೊರಕ್ಕೆಳೆದು, ಆರುವುದರೊಳಗಾಗಿ ಕಬ್ಬಿಣದ ಅಚ್ಚಿಗೆ ಸುತ್ತಿ ಬಿಗಿಯುವುದು ಬಲವಾದ ಗಂಡಾಳುಗಳ ಕೆಲಸ. ಅಚ್ಚಿನೊಡನೆಯೇ ಅದು ಬಿಸಿಕೋಣೆಯಲ್ಲಿ ಒಣಗಬೇಕು. ಉಜ್ಜಿ ನಯಮಾಡುವುದು, ಬಣ್ಣ ಹಚ್ಚುವುದು, ಬೆತ್ತ ಹೆಣೆಯುವುದು ಹೆಚ್ಚಾಗಿ ಹೆಂಗಸರ ಪಾಲಿಗೆ ಬಂದಿತು.

ಆರು ತುಂಡು ಮರ, ಹತ್ತು ತಿರುಪು

1859ರಲ್ಲಿ 14ನೆಯ ನಂಬರಿನ ಕುರ್ಚಿ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅದು ಪೂರ್ಣ ರೂಪಕ್ಕೆ ಬಂದಾಗ ಅದರಲ್ಲಿದ್ದುದು ಆರು ತುಂಡು ಮರ, ಹತ್ತು ತಿರುಪು, ಎರಡು ನಟ್ಟು. ಬೆನ್ನೂ ಹಿಂಗಾಲುಗಳೂ ಸೇರಿದ ಸುಮಾರು ಎರಡು ಮೀಟರ್ ಉದ್ದದ ಒಂದು ಕೋಲು, ಬೆನ್ನಿನೊಳಗಿನ ಚಿಕ್ಕ ಕಮಾನು ಒಂದು, ಕೂಡುವ ಬಳೆ ಒಂದು, ಮುಂಗಾಲು ಎರಡು, ಕಾಲುಗಳನ್ನು ಕೂಡಿಸಿ ಹಿಡಿಯುವ ಕೆಳಗಿನ ಬಳೆ ಒಂದು. ಕೂಡುವ ಬಳೆಗೆ ಬೆತ್ತದ ಹೆಣಿಗೆ. ಹೆಣಿಗೆಯ ಸಂದುಗಳಲ್ಲಿ ಗಾಳಿ ಆಡುವುದು; ಚೆಲ್ಲಿದ ಕಾಫಿ ನಿಲ್ಲದೆ ಸೋರಿಹೋಗುವುದು. ಬಡಗಿಯು ಕಚ್ಚು ಕೊರೆದು, ಬೆಣೆ ಹೊಡೆದು, ಅಂಟು ಹಾಕಿ ಕೂಡಿಸುವ ಕೆಲಸ ಮಾಯವಾಗಿ, ಅದರ ಸ್ಥಳದಲ್ಲಿ ತಿರುಪು ಬಂದಿತ್ತು. ತಿರುಪುಳಿ ಹಿಡಿಯಬಲ್ಲ ಯಾರಾದರೂ ಕುರ್ಚಿಯನ್ನು ಜೋಡಿಸಬಹುದಾಗಿತ್ತು.

ಇದರ ಫಲ ಕಾರಖಾನೆಯ ಗೋಡೆಗಳ ಹೊರಗೆ ಹೆಚ್ಚು ಕಂಡಿತು. ಜೋಡಿಸಿದ ಕುರ್ಚಿಯನ್ನು ಹಡಗಿನಲ್ಲಿ ಕಳುಹಿಸುವುದೆಂದರೆ ಮುಕ್ಕಾಲುಪಾಲು ಬರಿಯ ಗಾಳಿಗೆ ಸಾಗಣೆಯ ದುಡ್ಡು ಕೊಟ್ಟಂತೆ. ಬಿಚ್ಚಿದ ಭಾಗಗಳನ್ನು ಒತ್ತಾಗಿ ಜೋಡಿಸಿಟ್ಟರೆ, ಉದ್ದ ಅಗಲ ಎತ್ತರಗಳಲ್ಲಿ ಒಂದೊಂದು ಮೀಟರ್ ಇರುವ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಸುತ್ತಿದ್ದುವು. ಗುಮಾಸ್ತರಾಗಿ ಲೆಕ್ಕ ಬರೆಯುವ ನಮ್ಮ ವಾಚಕರು ಈ ಒಂದು ಅಂಕಿಯನ್ನು ನೆನಪಿನಲ್ಲಿಡಬೇಕು. ಕುರ್ಚಿಯ ಅಂದ ಚಂದವೆಲ್ಲ ಈ ಅಂಕಿಯೊಡನೆ ಹೆಣೆದುಕೊಂಡಿದೆ. ಮಾದರಿಗಳ ಚಿತ್ರಗಳನ್ನು ಒಂದು ದೊಡ್ಡ ಹಾಳೆಯಲ್ಲಿ ಅಚ್ಚುಹಾಕಿ, ಪ್ರತಿಯೊಂದಕ್ಕೂ ನಂಬರು ಕೊಟ್ಟು ಊರೂರಿಗೆ ಹಂಚಲಾಯಿತು. ಭಾಷೆ ಬಾರದ ಗಿರಾಕಿಯೂ ನಂಬರು ಬರೆದು ಕಳುಹಿಸಿದರೆ ಸಾಕಾಗಿತ್ತು.

1867ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಕುರ್ಚಿಗಳಿಗೆ ಚಿನ್ನದ ಪದಕ ಬಂದಿತು. ಮೊರಾವಿಯಾದ ಬಿಸ್ಟ್ರಿತ್ಸೆಯಲ್ಲಿ ಎರಡನೆಯ ಕಾರಖಾನೆಯು 1860ರ ದಶಕದ ಪ್ರಾರಂಭದಲ್ಲಿಯೇ ಎದ್ದಿತ್ತು. ಬಳಿಕ ಇನ್ನೂ ಕೆಲವು ಸೇರಿದುವು. 1869ರಲ್ಲಿ ಸನ್ನದಿನ ಕಾಲ ಮುಗಿಯಿತು. ಒಡನೆಯೇ ಪ್ರತಿಸ್ಪರ್ಧಿಗಳು ಹುಟ್ಟಿಕೊಂಡರು. ಅವರಲ್ಲಿ ಕೋನ್ ಸಂಸ್ಥೆಯು ಬಹು ದೊಡ್ಡದು. ನಕಲಿನಿಂದ ಬೇರೆಯೆಂದು ಗುರುತು ಸಿಗಲೆಂದು ಥೋನೆಟರು ಕೂಡುವ ಬಳೆಯ ಒಳಮೈಗೆ ತಮ್ಮ ಹೆಸರಿನ ಮುದ್ರೆಯನ್ನೊತ್ತಿ ಚೀಟಿಯನ್ನು ಅಂಟಿಸುತ್ತಿದ್ದರು. ಅಷ್ಟು ಹೊತ್ತಿಗೆ ಹಿರಿಯನ ದೇಹ ಬಳಲಿತ್ತು. 1871ರ ಮಾರ್ಚ್ 3ರಂದು, ತನ್ನ 74ನೆಯ ವಯಸ್ಸಿನಲ್ಲಿ, ಮಿಖಾಯೆಲ್ ಥೋನೆಟನು ವಿಯೆನ್ನಾದಲ್ಲಿ ಕಾಲವಾದನು. 1930ರ ಹೊತ್ತಿಗೆ 14ನೆಯ ನಂಬರಿನ ಕುರ್ಚಿಗಳು 5 ಕೋಟಿಯಷ್ಟು ಮಾರಾಟವಾಗಿದ್ದುವು.

ಲಾಭವೆಷ್ಟು, ನಷ್ಟವೆಷ್ಟು

ಈ ಕತೆಯಲ್ಲಿ ಗೆದ್ದವರು ಯಾರು ಎಂದು ಕೇಳುವುದು ನ್ಯಾಯ. ಕುಳಿತುಕೊಳ್ಳುವವರು ಗೆದ್ದರೆಂಬುದರಲ್ಲಿ ಸಂಶಯವಿಲ್ಲ. ಬಾಗಿದ ಬೆನ್ನಿನ ಹಗುರವಾದ ಕುರ್ಚಿ ಅದುವರೆಗೆ ಧನಿಕರ ಮನೆಯ ವಸ್ತುವಾಗಿತ್ತು. ಈಗ ಸಾಮಾನ್ಯ ಹೋಟೆಲಿಗೆ ಬಂದ ಕೂಲಿಯೂ ಅಧಿಕಾರಿಯೂ ಒಂದೇ ಅಚ್ಚಿನಲ್ಲಿ ಬಾಗಿದ ಕುರ್ಚಿಯ ಮೇಲೆ ಕುಳಿತರು. ಆದರೆ ಕುರ್ಚಿಯನ್ನು ಮಾಡುವವರ ಕಡೆಗೆ ತಿರುಗಿದರೆ ಲೆಕ್ಕ ಅಷ್ಟು ಸುಲಭವಲ್ಲ. ಬೊಪ್ಪಾರ್ಡಿನ ಅಂಗಡಿಯಲ್ಲಿ ಥೋನೆಟನಿಗೆ ಮರವನ್ನು ಆರಿಸುವುದರಿಂದ ಹಿಡಿದು ಕಡೆಯ ಮೆರುಗಿನವರೆಗೆ ಕುರ್ಚಿಯ ಇಡೀ ವಿದ್ಯೆ ಗೊತ್ತಿತ್ತು. ಕೊರಿಚಾನಿಯಲ್ಲಿ ಉಗಿಯ ಪೆಟ್ಟಿಗೆಯ ಮುಂದೆ ನಿಂತವನಿಗೆ ಗೊತ್ತಿದ್ದುದು ಒಂದು ಬಾಗು ಮಾತ್ರ. ಯೋಚಿಸುವ ತಲೆ ಒಂದೆಡೆ, ಮಾಡುವ ಕೈ ಇನ್ನೊಂದೆಡೆ ಆಯಿತು. ಈ ಬೇರ್ಪಾಟಿನಿಂದಲೇ ವಿನ್ಯಾಸಕಾರನೆಂಬ ಹೊಸ ಕಸುಬಿನವನು ಹುಟ್ಟಿದನು. ಇದರಿಂದಲೇ ಹಳೆಯ ಬಡಗಿಯು ಮರೆಯಾದನು.

ಇಂಗ್ಲೆಂಡಿನಲ್ಲಿ ಇದನ್ನು ಗುರುತಿಸಿ ಖಂಡಿಸಿದವರಲ್ಲಿ ರಸ್ಕಿನ್ ಮುಖ್ಯನು. ಮುಂದೆ ಗಾಂಧೀಜಿಯವರ ಮೇಲೆ ಆಳವಾದ ಪ್ರಭಾವ ಬೀರಿದವನು ಇದೇ ರಸ್ಕಿನ್. ಕೆಲಸವನ್ನು ತುಂಡುತುಂಡು ಮಾಡುವುದರಿಂದ ದುಡಿಯುವ ಮನುಷ್ಯನೇ ತುಂಡಾಗುತ್ತಾನೆಂಬುದು ಅವನ ಆಕ್ಷೇಪ. ಅವನ ಅನುಯಾಯಿಯಾದ ವಿಲಿಯಂ ಮಾರಿಸ್ಸನು 1861ರಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿ, ಕೈಕಸುಬಿನ ಗೌರವವನ್ನು ಉಳಿಸಲು ಬಟ್ಟೆ, ಗೋಡೆಯ ಕಾಗದ, ಪೀಠೋಪಕರಣಗಳನ್ನು ಬಹು ಸೊಗಸಾಗಿ ಮಾಡಿಸಿದನು. ಮಾರಿಸ್ಸನು ಬಡವರ ಪಕ್ಷದವನು, ಸಮಾಜವಾದಿ. ಆದರೂ ಕೈಯಿಂದ ಮಾಡಿದ ಸರಕಿಗೆ ಬೆಲೆ ಹೆಚ್ಚಾಗಿ, ಅವನ್ನು ಬಹುಮಟ್ಟಿಗೆ ಸಿರಿವಂತರೇ ಕೊಂಡರು. ಕುಶಲಿಯ ಮಾನವನ್ನು ಉಳಿಸಹೊರಟವನ ಸರಕು ಬಡವನಿಗೆ ಎಟಕಲಿಲ್ಲ. ಬಡವನಿಗೆ ಎಟಕುವ ಸರಕನ್ನು ಮಾಡಿದವನ ಕಾರಖಾನೆಯಲ್ಲಿ ಕುಶಲಿಯು ಉಳಿಯಲಿಲ್ಲ. ಯಂತ್ರಯುಗದ ವಿನ್ಯಾಸವು ಹುಟ್ಟಿನಿಂದಲೇ ಹೊತ್ತುಕೊಂಡು ಬಂದ ಈ ತೊಡಕು ಇಂದಿಗೂ ಬಿಡಿಸಿಕೊಂಡಿಲ್ಲ.

ಥೋನೆಟನ ಪಕ್ಷದಲ್ಲಿ ಹೇಳಬೇಕಾದ ಮಾತೊಂದಿದೆ. ಅವನು ಯಂತ್ರವನ್ನು ಹಳೆಯ ಬಡಗಿಯ ನಕಲು ಮಾಡುವುದಕ್ಕೆ ಹಚ್ಚಲಿಲ್ಲ. ಯಂತ್ರದಿಂದ ಸಿಂಹಮುಖವನ್ನು ಕೆತ್ತಿಸಿ ಕೈಕೆಲಸವೆಂದು ನಂಬಿಸಲಿಲ್ಲ. ಉಗಿಯೂ ಕಬ್ಬಿಣದ ಅಚ್ಚೂ ಏನನ್ನು ಸಹಜವಾಗಿ ಕೊಡಬಲ್ಲುವೋ ಅದನ್ನೇ ತೆಗೆದುಕೊಂಡು, ಅದರಲ್ಲಿಯೇ ಚೆಲುವನ್ನು ಕಂಡನು. ಇದಕ್ಕಾಗಿಯೇ ಮುಂದಿನ ತಲೆಮಾರಿನವರು ಅವನನ್ನು ಹಿರಿಯನೆಂದು ಮನ್ನಿಸಿದರು. 1925ರ ಪ್ಯಾರಿಸ್ ಪ್ರದರ್ಶನದಲ್ಲಿ ಶಿಲ್ಪಿ ಲ ಕಾರ್ಬೂಸಿಯೇ ತನ್ನ ಮಾದರಿ ಮನೆಯಲ್ಲಿ ಥೋನೆಟರ ಬಾಗಿದ ಮರದ ಕುರ್ಚಿಗಳನ್ನಿರಿಸಿದನು. ಸ್ವತಂತ್ರ ಭಾರತವು 1951ರಲ್ಲಿ ಚಂಡೀಗಢ ನಗರದ ನಕ್ಷೆಗಾಗಿ ಕರೆಸಿಕೊಂಡದ್ದು ಇದೇ ಶಿಲ್ಪಿಯನ್ನು. ಥೋನೆಟನು ಅನಿವಾರ್ಯವಾಗಿ ಕೈಬಿಟ್ಟ ಅಂಟಿನ ಪಟ್ಟಿಗಳ ಕ್ರಮವೂ ಸಾಯಲಿಲ್ಲ. ನೀರಿಗೆ ಕರಗದ ಹೊಸ ಅಂಟುಗಳು ಇಪ್ಪತ್ತನೆಯ ಶತಮಾನದಲ್ಲಿ ಬಂದ ಮೇಲೆ, ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಬಾಗಿದ ಪ್ಲೈವುಡ್ಡಿನ ಕುರ್ಚಿಗಳನ್ನು ಮಾಡಿ ಪ್ರಸಿದ್ಧರಾದರು. ಭಾರತ ಸರಕಾರದ ಆಹ್ವಾನದ ಮೇಲೆ ಬಂದು ಅವರು 1958ರಲ್ಲಿ ಬರೆದುಕೊಟ್ಟ ವರದಿಯ ಫಲವಾಗಿಯೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪಿತವಾಯಿತು.

ಇಂದು ನಮ್ಮ ಅನೇಕ ಹೋಟೆಲುಗಳಲ್ಲಿ ಪ್ಲಾಸ್ಟಿಕ್ ಕುರ್ಚಿ ಬಂದಿದೆ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತುಂಬಿದರೆ ಒಂದು ನಿಮಿಷದ ಆಸುಪಾಸಿನಲ್ಲಿ ಇಡೀ ಕುರ್ಚಿ ಒಂದೇ ತುಂಡಾಗಿ ಹೊರಬೀಳುತ್ತದೆ. ಆರು ತುಂಡು ಒಂದಾಯಿತು, ಹತ್ತು ತಿರುಪು ಇಲ್ಲವೇ ಆಯಿತು. ಥೋನೆಟನು ಹಿಡಿದ ದಾರಿಯ ಕೊನೆಯ ಮಜಲು ಇದೇ ಎನ್ನಬಹುದು. ಆದರೆ ಒಂದು ವ್ಯತ್ಯಾಸವುಂಟು. ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿದರೆ ಇಡೀ ಕುರ್ಚಿ ಕಸಕ್ಕೆ ಹೋಗುತ್ತದೆ. 14ನೆಯ ನಂಬರಿನದರಲ್ಲಿ ತಿರುಪು ಸಡಿಲವಾದರೆ ಬಿಗಿಯಬಹುದು. ಕಾಲು ಮುರಿದರೆ ಆ ಕಾಲನ್ನು ಮಾತ್ರ ಬದಲಾಯಿಸಬಹುದು. ಬೆತ್ತ ಹರಿದರೆ ಮತ್ತೆ ಹೆಣೆಸಬಹುದು. ಮುರಿಯುವುದನ್ನೂ ಮೊದಲೇ ಎಣಿಸಿ ಮಾಡಿದ ವಸ್ತುವದು. ಬಿಸ್ಟ್ರಿತ್ಸೆಯ ಕಾರಖಾನೆಯಲ್ಲಿ, ಒಡೆತನ ಬದಲಾದರೂ, ಉಗಿಯಲ್ಲಿ ಬೆಂದ ಬೀಚ್ ಕೋಲನ್ನು ಆಳುಗಳು ಕೈಯಿಂದ ಅಚ್ಚಿಗೆ ಬಾಗಿಸುವ ಕೆಲಸ ಇಂದಿಗೂ ನಡೆಯುತ್ತಿದೆ.

ಮುಂದೊಮ್ಮೆ ಹಳೆಯ ಹೋಟೆಲೊಂದರಲ್ಲಿ ಅಂತಹ ಕುರ್ಚಿ ಕೈಗೆ ಸಿಕ್ಕರೆ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಅದನ್ನು ಬೋರಲು ಹಾಕಿ ಕೂಡುವ ಬಳೆಯ ಒಳಮೈಯನ್ನು ನೋಡಿರಿ. ಯಾವುದೋ ಸಂಸ್ಥೆಯ ಮಾಸಿದ ಮುದ್ರೆ ಅಲ್ಲಿರಬಹುದು. ಥೋನೆಟನದೇ ಆಗಿರಲಿ, ಅವನನ್ನು ಅನುಸರಿಸಿದ ಇನ್ನಾರದೋ ಆಗಿರಲಿ, ನಾಲ್ವತ್ತಾರನೆಯ ವಯಸ್ಸಿನಲ್ಲಿ ಊರು, ಅಂಗಡಿ ಎರಡನ್ನೂ ಕಳೆದುಕೊಂಡು ಪರಸ್ಥಳಕ್ಕೆ ಬಂದ ಒಬ್ಬ ಬಡಗಿಯು ಹುಡುಕಿ ತೆಗೆದ ಬಾಗೇ ಅದರ ಬೆನ್ನಿನಲ್ಲಿದೆ.